ಐದು ಅಂತ ಬರೀರಿ

ಅವನು ನನ್ನ ಮುಖ ನೋಡುವ ಮೊದಲೇ ನನ್ನ ಉಸಿರನ್ನು ಪರೀಕ್ಷೆ ಮಾಡಿದ.

ನಡುವೆ ಒಂದು ಹಲಗೆ ಇತ್ತು. ಬಿಳಿ ಬಣ್ಣ ಬಳಿದ ಆಳೆತ್ತರದ ಹಲಗೆ. ಕುಳಿತವರ ಬಾಯಿಯ ಮಟ್ಟಕ್ಕೆ ಅದರಲ್ಲೊಂದು ತೂತು, ತೂತಿನಲ್ಲಿ ಗೇಣುದ್ದದ ಗಾಜಿನ ಕೊಳವೆ. ಈಚೆ ನಾನು, ಆಚೆ ಅವನು. ಹಲಗೆಯ ಕೆಳಗೆ ಅವನ ಪಾದಗಳು ಮಾತ್ರ ಕಾಣುತ್ತಿದ್ದವು. ಹಿಮ್ಮಡಿ ಒಡೆದಿದ್ದವು. ಕುರಿಯ ಹಿಂದೆ ನಡೆದವರ ಪಾದ ಅಂದುಕೊಂಡೆ.

"ಎರಡು ನಿಮಿಷ ಬಾಯಿ ಮುಚ್ಚಿ ಕೂಡ್ರಿ. ಬರೀ ಮೂಗಿಲೆ ಉಸಿರಾಡ್ರಿ," ಎಂದಿತು ಆಚೆಯ ದನಿ. ಎರಡು ನಿಮಿಷದ ಮೇಲೆ, "ಈಗ ಕೊಳವಿಗೆ ಬಾಯಿ ಹಚ್ರಿ. ಊದಬ್ಯಾಡ್ರಿ. ದೀಪ ಆರಸೂ ಹಂಗ ಅಲ್ಲ. ಕನ್ನಡಿ ಒರಸೂ ಮುಂದ ಹಾ ಅಂತೇವಲ್ಲ, ಹಂಗ ಮೆಲ್ಲಕ ಬಿಡ್ರಿ."

ನನ್ನ ಮೇಲ್ತುಟಿಗೆ ನಾಲ್ಕು ಹೊಲಿಗೆ ಬಿದ್ದಿದ್ದವು. ಗಾಜು ತಾಗಿದರೆ ಉರಿಯುತ್ತಿತ್ತು. ಆದರೂ ಬಿಟ್ಟೆ.

ಆಚೆ ಉಸಿರೆಳೆದ ಸದ್ದು ಕೇಳಿತು. ಆಮೇಲೆ, "ಸೊನ್ನಿ," ಅಂದ.

ನನ್ನ ಕಾಕಾ ಮಾಳಪ್ಪ ಬಾಗಿಲ ಹತ್ತಿರ ನಿಂತಿದ್ದ. ಅವನಿಗೆ ಕೇಳಬಾರದೆಂದು ಕೊಳವೆಗೇ ಬಾಯಿಟ್ಟು ಹೇಳಿದೆ.

"ಐದು ಅಂತ ಬರೀರಿ."

"ಏನಂದ್ರಿ?"

"ಐದು."

"ಐದಂದ್ರ ಏನಂತ ಗೊತ್ತೈತೇನ್ರಿ?"

ಗೊತ್ತಿತ್ತು. ಗೋಡೆಯ ಮೇಲೆ ಬರೆದು ಹಚ್ಚಿದ್ದರು. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅಕ್ಷರ ಕೂಡಿಸಿ ಓದಿದ್ದೆ. ಸೊನ್ನೆ ಎಂದರೆ ವಾಸನೆ ಇಲ್ಲ. ಒಂದು, ಇದೆಯೋ ಇಲ್ಲವೋ ಎಂಬ ಅನುಮಾನ. ಎರಡು ಸ್ವಲ್ಪ, ಮೂರು ನಡುವಿನದು, ನಾಲ್ಕು ಜೋರು. ಐದು, ಎದುರಿಗೆ ನಿಲ್ಲಲಾಗದಷ್ಟು.

"ಇಲ್ಲಿ ಬಂದಾವ್ರೆಲ್ಲಾ ಸೊನ್ನಿ ಬರೀರಿ ಅಂತ ಕೈ ಮುಗೀತಾರ," ಅಂದ. "ಐದು ಕೇಳಿದಾವ್ರು ನೀವ ಮೊದಲನೇದವ್ರು."

"ಬರೀತೀರಿಲ್ಲೋ?"

"ನನ್ನ ಮೂಗು ಹೇಳಿದ್ದು ಬರೀತೇನ್ರಿ."

ಆ ಗಾಜಿನ ಕೊಳವೆಯನ್ನು ಆ ಮೂಗಿಗೇ ತಿವಿಯಬೇಕು ಅನ್ನಿಸಿತು. ನನ್ನ ಪ್ರೀತಿ ಶುರುವಾದದ್ದು ಹೀಗೆ.

*

ನಾನು ಐದು ಕೇಳಿದ್ದಕ್ಕೆ ಕಾರಣ ಇತ್ತು.

ನನ್ನನ್ನು ಹುನಗುಂದದ ಹತ್ತಿರದ ಹಳ್ಳಿಗೆ, ಅಮಸಿದ್ದಪ್ಪ ಎಂಬವನಿಗೆ ಕೊಟ್ಟಿದ್ದರು. ಮದುವೆಯಾಗಿ ಹದಿನಾಲ್ಕು ತಿಂಗಳು. ಅವನು ಕಾರಣ ಹುಡುಕಿ ಹೊಡೆಯುತ್ತಿರಲಿಲ್ಲ, ಹೊಡೆದು ಕಾರಣ ಹುಡುಕುತ್ತಿದ್ದ. ಓಣಿಗೆ ಕೇಳಬಾರದೆಂದು ಎಡಗೈಯಿಂದ ನನ್ನ ಬಾಯಿ ಮುಚ್ಚುತ್ತಿದ್ದ, ಬಲಗೈಯಿಂದ ಹೊಡೆಯುತ್ತಿದ್ದ. ಅವನ ಎಡ ಅಂಗೈಯ ಗೆರೆಗಳು ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತಿದ್ದವು.

ಒಂದು ಮುಂಜಾನೆ ಬೀಸುಕಲ್ಲಿನ ಗೂಟ ಕಿತ್ತುಕೊಂಡು ಬಾಯಿಗೇ ಹೊಡೆದ. ತುಟಿ ಎರಡಾಯಿತು. ಮುಂದಿನ ಹಲ್ಲು ಅರ್ಧ ಮುರಿದು ಜೋಳದ ಹಿಟ್ಟಿನಲ್ಲಿ ಬಿತ್ತು. ಹಿಟ್ಟು ಅಲ್ಲೇ ಬಿಟ್ಟು ಓಡಿದೆ. ಇಳಕಲ್ಲಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ಟಿಕೆಟ್ ಕೇಳಲಿಲ್ಲ.

ಅಪ್ಪನಿಲ್ಲದ ನನ್ನನ್ನು ಇಳಕಲ್ಲಿನಲ್ಲಿ ಸಾಕಿದವನು ಕಾಕಾ. ಅವನು ಹಿರಿಯರನ್ನು ಕೂಡಿಸಿದ. ಅಮಸಿದ್ದಪ್ಪನ ಊರಿನ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚರು ಕೂತರು.

"ಎಲ್ಲಾ ಬಿಟ್ಟು ಬಾಯಿಗೇ ಯಾಕ ಹೊಡದಿ?" ಎಂದು ಗುಡಿಯ ಪೂಜಾರಿ ಅಜ್ಜ ಕೇಳಿದ.

"ಅಕಿ ಬಾಯಿ ನಾರತೈತ್ರಿ. ಮುಚ್ಚಾಕ ಹೋದೆ, ಪೆಟ್ಟು ಬಿತ್ತು," ಅಂದ ಅಮಸಿದ್ದಪ್ಪ.

ಅವನ ತಾಯಿ ದನಿಗೂಡಿಸಿದಳು. "ಹೌದ್ರಿ. ಒಂದ ಮನಿಯಾಗ ಮಲಗಾಕ ಆಗೂದಿಲ್ಲ."

ಪಂಚರು ಇಬ್ಬರು ಮುದುಕಿಯರನ್ನು ಕರೆಸಿ ನನ್ನ ಬಾಯಿ ಮೂಸಲು ಹೇಳಿದರು. ಒಬ್ಬಳು ನಾರುತ್ತದೆ ಅಂದಳು, ಅವಳ ಬಾಯಲ್ಲೇ ತಂಬಾಕಿತ್ತು. ಇನ್ನೊಬ್ಬಳು ಇಲ್ಲ ಅಂದಳು, ಅವಳಿಗೆ ನೆಗಡಿ ಆಗಿತ್ತು. ಕಟ್ಟೆಯ ಮೇಲಿದ್ದ ಗಂಡಸರೆಲ್ಲ ನಕ್ಕರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ಕಡೆಗೆ ತೀರ್ಮಾನ ಹೀಗಾಯಿತು. ಬಾಗಲಕೋಟೆಯ ಹಲ್ಲಿನ ಡಾಕ್ಟರ್ ಖಾಸಿಂಸಾಬರು ಬಾಯಿಯ ವಾಸನೆ ಅಳೆದು ನಂಬರು ಕೊಡುತ್ತಾರಂತೆ. ನಾರುವುದು ಖರೆಯಾದರೆ ಗಂಡ ಸೋಡಚೀಟಿ ಬರೆದು ಕೊಡಬೇಕು, ಇಬ್ಬರ ಕಟ್ಟೂ ಬಿಡುತ್ತದೆ. ಸುಳ್ಳಾದರೆ ಹುಡುಗಿಯ ಮೇಲಿನ ಕಳಂಕ ಹೋಯಿತು. ಗಂಡ ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಶಿನಪುಡಿ, ಅಂಗೈಯಲ್ಲಿ ಹಿಡಿದು ಇನ್ನು ಹೊಡೆಯುವುದಿಲ್ಲ ಎಂದು ಆಣೆ ಮಾಡಿ, ಮರ್ಯಾದೆಯಿಂದ ಮನೆಗೆ ಕರೆದೊಯ್ಯಬೇಕು.

ಎಲ್ಲರೂ ತಲೆದೂಗಿದರು. ನನಗೆ ನ್ಯಾಯ ಕೊಟ್ಟೆವೆಂದೇ ಅವರು ತಿಳಿದಿದ್ದರು. ನಾನು ಮಾತ್ರ ಅಮಸಿದ್ದಪ್ಪನ ಮುಖ ನೋಡುತ್ತಿದ್ದೆ. ಅವನು ನೆಲ ನೋಡುತ್ತ ನಗುತ್ತಿದ್ದ.

ಸೊನ್ನೆ ಬಂದರೆ ನಾನು ಸಾಯುತ್ತೇನೆ ಎಂದು ನನಗೆ ಆಗಲೇ ಗೊತ್ತಾಯಿತು.

*

ಹಲಗೆ ಸರಿಸಿದಾಗ ಅವನ ಮುಖ ಕಂಡಿತು. ಇಪ್ಪತ್ತೈದು ಇರಬಹುದು. ಕಪ್ಪು ಮುಖ, ಒಣಗಿದ ತಲೆ, ಎಣ್ಣೆ ಇಲ್ಲ. ಮೂಗು ಮಾತ್ರ ನೀಳವಾಗಿತ್ತು, ಹೊಳ್ಳೆಗಳು ಕುರಿಮರಿಯ ಹೊಳ್ಳೆಯಂತೆ ಸಣ್ಣಗೆ ಅಲುಗುತ್ತಿದ್ದವು. ಹೆಸರು ಕಾಳಪ್ಪ. ನಮ್ಮವನೇ, ಬೀರಪ್ಪನ ಒಕ್ಕಲು.

ಡಾಕ್ಟರು ಕಾಕಾನಿಗೆ ವಿವರಿಸಿದರು. "ನಾ ಸಿಗರೇಟ್ ಸೇದಾಂವ, ನನ್ನ ಮೂಗು ಉಪಯೋಗಿಲ್ಲ. ಇಂವ ಕುರಿ ಕಾಯತಿದ್ದ. ಯಾವ ಕುರಿಗೆ ಕಾಲಬ್ಯಾನಿ ಬರತೈತಿ ಅಂತ ಅದು ಕುಂಟೂ ಮೊದಲ ಮೂಸಿ ಹೇಳತಿದ್ದ. ಅದಕ್ಕ ಹಿಡಕೊಂಡು ಬಂದೆ. ನಮ್ಮ ಬಾಯಿ ವಾಸನಿ ನಮಗ ಗೊತ್ತಾಗೂದಿಲ್ಲ ಮಾಳಪ್ಪ. ಇನ್ನೊಬ್ಬರ ಮೂಗ ಬೇಕು."

ಕಾಳಪ್ಪ ಒಂದು ಚಮಚೆಯ ಅಂಚಿನಿಂದ ನನ್ನ ನಾಲಿಗೆಯ ಹಿಂಭಾಗ ಮೆಲ್ಲಗೆ ಕೆರೆದ. ಚಮಚೆಯನ್ನು ಕಿಟಕಿಗೆ ಒಯ್ದು ಮೂಸಿದ. ಅದಕ್ಕೂ ಸೊನ್ನೆ ಅಂದ. ಹೇಳುವಾಗ ನನ್ನ ಕಣ್ಣು ತಪ್ಪಿಸಿದ.

ಕಾಕಾ ಸಂತೋಷದಿಂದ ಎದ್ದ. ಡಾಕ್ಟರು ಕೈಯೆತ್ತಿ ಕೂರಿಸಿದರು. ಬಾಯಿ ದಿನಕ್ಕೊಂದು ಥರ ಇರುತ್ತದೆ, ಮೂರು ದಿನ ನೋಡದೆ ಚೀಟಿ ಕೊಡುವುದಿಲ್ಲ. ಮೂರು ಸೋಮವಾರ ಬರಬೇಕು.

ಇನ್ನು ಎರಡು ಸೋಮವಾರ ನನ್ನ ಆಯುಷ್ಯ ಎಂದು ಲೆಕ್ಕ ಹಾಕಿದೆ.

*

ಎರಡನೇ ಸೋಮವಾರ ಬಾಗಲಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೆ, ಕಾಕಾ ನೀರು ಕುಡಿಯಲು ಹೋದಾಗ, ಸೆರಗಿನಲ್ಲಿ ಕಟ್ಟಿ ತಂದಿದ್ದನ್ನೆಲ್ಲ ತಿಂದೆ. ಕಣ್ಣಲ್ಲಿ ನೀರು ಬಂತು. ಹೊಲಿಗೆಯ ಒಳಗೆ ಖಾರ ಹೋಯಿತು. ಆದರೂ ತಿಂದೆ.

ಕೊಳವೆಗೆ ಬಾಯಿ ಹಚ್ಚಿ, ಕನ್ನಡಿಗೆ ಹಾ ಅನ್ನುವಂತಲ್ಲ, ದೀಪ ಆರಿಸುವಂತೆಯೇ ಊದಿದೆ.

ಆಚೆ ಕಾಳಪ್ಪ ಕೆಮ್ಮಿದ. ಆಮೇಲೆ ಎಣಿಸಿದ.

"ಒಂದು ಇಡೀ ಉಳ್ಳಾಗಡ್ಡಿ. ಬಳ್ಳೊಳ್ಳಿ ನಾಕೈದು ಎಸಳು. ಮ್ಯಾಲೆ ಚಿಟಿಕಿ ತಂಬಾಕ. ಅದನ್ನ ಉಗುಳಿಲ್ಲ, ನುಂಗೀರಿ. ಹೊಟ್ಟಿ ತೊಳಸಾಕತ್ತೈತಿಲ್ಲೋ?"

ನಿಜವಾಗಿಯೂ ತೊಳೆಸುತ್ತಿತ್ತು.

"ಇದು ಬಾಯಿ ವಾಸನಿ ಅಲ್ರಿ. ಸಂತಿ ವಾಸನಿ," ಅಂದ. ದನಿಯಲ್ಲಿ ನಗು ಇತ್ತು. ಹದಿನಾಲ್ಕು ತಿಂಗಳಿಂದ ನನ್ನ ಜೊತೆ ಯಾರೂ ಹಾಗೆ ನಗೆಯಾಡಿರಲಿಲ್ಲ. ನನಗೂ ನಗು ಬಂತು, ಹೊಲಿಗೆ ಜಗ್ಗಿತು.

"ನಿಮಗ ಚೇಷ್ಟಿ ಅನ್ನಸ್ತೈತಿ," ಅಂದೆ.

"ಇಲ್ರಿ. ನನಗ ಹೊಟ್ಟಿಕಿಚ್ಚು. ನಾ ಸೋಮವಾರ ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಚಹಾ ಇಲ್ಲ, ಸಾಬಾನ ಇಲ್ಲ, ಎಣ್ಣಿ ಇಲ್ಲ. ನೀವ ಒಳಗ ಬಂದಾಗ ನನಗ ಊಟದ ನೆನಪ ಆತು."

ಡಾಕ್ಟರು ಬಂದು ನೋಡಿ, ಬಾಯಿ ಮುಕ್ಕಳಿಸಿ ಎರಡು ತಾಸು ಹೊರಗೆ ಕೂತು ಬರಲು ಹೇಳಿದರು. ಯಾಕೆಂದು ಕಾಕಾನಿಗೂ ಹೇಳಿದರು.

ಹೊರಗೆ ಕಟ್ಟೆಯ ಮೇಲೆ ಕೂರುವ ಮೊದಲೇ ಕಾಕಾ ಹೊಡೆದ. ಒಂದೇ ಏಟು, ತೆರೆದ ಕೈಯಿಂದ. ಹೊಲಿಗೆ ಬಿಚ್ಚಿತು.

"ನನ್ನ ಮಗಳ ನೆಂಟಸ್ತಾನ ಮುರೀಬೇಕಂತ ಮಾಡಿಯೇನ? ಬಾಯಿ ನಾರೂ ವಂಶ ಅಂದ್ರ ಯಾರ ತಗೋತಾರ ಆ ಕೂಸನ್ನ?" ಅಂದ. ಹೊಡೆದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡ. ಕಾಕಾ ಕೆಟ್ಟವನಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಎರಡು ತಾಸಿನ ಮೇಲೆ ಮತ್ತೆ ಕೊಳವೆ.

"ರಕ್ತ," ಅಂದ ಕಾಳಪ್ಪ. ನಗು ಇರಲಿಲ್ಲ. "ಹಸೀದು. ಈಗಿಂದು. ಯಾರು?"

ಕಾಕಾ ಹೊರಗಿದ್ದ. ಹಲಗೆ ನನ್ನನ್ನು ಮರೆಮಾಡಿತ್ತು. ನನಗೆ ಮುಖ ನೋಡಿ ಮಾತಾಡಲು ಬರುವುದಿಲ್ಲ. ಆದರೆ ಆ ಕೊಳವೆಗೆ ಕಣ್ಣಿರಲಿಲ್ಲ. ಎಲ್ಲವನ್ನೂ ಅದರೊಳಗೆ ಹೇಳಿದೆ. ಬೀಸುಕಲ್ಲಿನ ಗೂಟ, ಎಡಗೈ, ಪಂಚರ ತೀರ್ಮಾನ, ಅಮಸಿದ್ದಪ್ಪ ನೆಲ ನೋಡಿ ನಕ್ಕದ್ದು. ಆಚೆ ಕಡೆ ಅವನು ಕೊಳವೆಗೆ ಮೂಗಿನ ಬದಲು ಕಿವಿ ಹಚ್ಚಿದ್ದ. ಹೇಗೆ ಗೊತ್ತಾಯಿತೆಂದರೆ, ಅವನ ಉಸಿರು ಬರುವುದು ನಿಂತಿತ್ತು.

"ಅದಕ್ಕ ಐದು ಬರೀರಿ," ಅಂದೆ.

ಪೆನ್ಸಿಲ್ಲು ಗೀಚುವ ಸದ್ದಾಯಿತು.

"ಸೊನ್ನಿ ಬರದೆ," ಅಂದ. "ನನ್ನ ಕೈ ಹಂಗ ಹೋತು. ರಕ್ತಕ್ಕ ಇಲ್ಲಿ ನಂಬರ ಇಲ್ಲ."

ನಾನು ಎದ್ದು ಬಂದೆ. ತಿರುಗಿ ನೋಡಲಿಲ್ಲ. ಇಳಕಲ್ಲಿನವರೆಗೂ ಬಸ್ಸಿನಲ್ಲಿ ಅವನನ್ನು ಮನಸ್ಸಿನಲ್ಲೇ ಹೊಡೆದೆ. ಪ್ರತಿ ಸಲ ಹೊಡೆದಾಗಲೂ ಅವನು ಕೊಳವೆಗೆ ಕಿವಿ ಹಚ್ಚಿಕೊಂಡೇ ಕೂತಿದ್ದ.

*

ಮೂರನೇ ಸೋಮವಾರ ಕಾಳಪ್ಪ ಸೊರಗಿದ್ದ. ಹಲಗೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದ. ಪಕ್ಕದ ಕೋಣೆಯಲ್ಲಿ ಡಾಕ್ಟರು ಯಾರದೋ ದವಡೆ ಹಲ್ಲು ಕೀಳುತ್ತಿದ್ದರು, ಆ ಮನುಷ್ಯನ ನರಳಾಟ ಕೇಳುತ್ತಿತ್ತು. ಕಾಕಾ ಹೊರಗೆ ಕಟ್ಟೆಯ ಮೇಲಿದ್ದ.

"ಇವತ್ತ ಮೊದಲ ಕೈ ನೋಡೂದು," ಅಂದ ಕಾಳಪ್ಪ. "ಮಣಿಕಟ್ಟು ನೆಕ್ಕ್ರಿ. ಉಗುಳು ಒಣಗಬೇಕು. ಹತ್ತು ಎಣಿಸೂತನಕ."

"ನಾನ ನೆಕ್ಕಬೇಕಾ?"

"ಮತ್ತ ನಾ ನೆಕ್ಕಲೇನ್ರಿ?"

ಹೇಳಿದ ಮೇಲೆ ಅವನ ಕಿವಿ ಕೆಂಪಾದವು. ನಾನು ಸೆರಗಿನ ಮರೆಯಲ್ಲಿ ಮಣಿಕಟ್ಟು ನೆಕ್ಕಿ ಕೈ ಚಾಚಿದೆ. ಅವನು ಮುಟ್ಟಲಿಲ್ಲ. ಒಂದು ಬೆರಳಿನ ಅಂತರದಲ್ಲಿ ಬಾಗಿದ. ಒದ್ದೆ ಚರ್ಮಕ್ಕೆ ಅವನ ಉಸಿರು ತಾಗಿ ತಣ್ಣಗಾಯಿತು. ಹುಬ್ಬಿನಲ್ಲೊಂದು ಹಳೆಯ ಗಾಯದ ಗೆರೆ, ರೆಪ್ಪೆಯ ಮೇಲೆ ಧೂಳಿನ ಕಣ. ನಾನು ಇಷ್ಟು ಹತ್ತಿರದಿಂದ ನೋಡಿದ್ದ ಗಂಡಸಿನ ಮುಖ ಇನ್ನೊಂದೇ. ಅದು ಹತ್ತಿರ ಬಂದಾಗ ನಾನು ಕಣ್ಣು ಮುಚ್ಚುತ್ತಿದ್ದೆ. ಈಗ ಮುಚ್ಚಲಿಲ್ಲ.

"ಹತ್ತಾತು," ಅಂದೆ.

"ಇನ್ನೂ ಒಣಗಿಲ್ರಿ."

"ಒಣಗೈತಿ."

"ಇನ್ನೊಂದ ಹತ್ತು ಎಣಸ್ರಿ."

ಎಣಿಸಿದೆ. ಎಂಟಕ್ಕೆ ಬಂದವಳು ಮತ್ತೆ ಐದಕ್ಕೆ ಹೋದೆ. ಅವನಿಗೆ ಗೊತ್ತಾಯಿತು. ತಲೆ ಎತ್ತದೆ ನಕ್ಕ.

"ವಾರಪೂರ್ತಿ ಅನ್ನ ಇಳೀಲಿಲ್ಲ ನನಗ," ಅಂದ. "ಇವತ್ತ ಐದು ಬರೀತೇನಿ. ಹಿಂದಿನ ಎರಡೂ ತಿದ್ದತೇನಿ."

"ಡಾಕ್ಟರಿಗೆ ಗೊತ್ತಾದ್ರ?"

"ಒಮ್ಮಿ ಸುಳ್ಳು ಹೇಳಿದ ಮೂಗಿಗೆ ಮತ್ತ ಕೆಲಸ ಇಲ್ಲ. ಕುರಿ ಅದಾವ, ಕಾಯತೇನಿ." ಆಮೇಲೆ ಮೆಲ್ಲಗೆ, "ಖರೆ ಹೇಳಲ್ಯಾ? ನಿಮ್ಮ ಬಾಯಾಗ ಏನೂ ವಾಸನಿ ಇಲ್ಲ. ಹೊಸ ಗಡಗಿಯಾಗ ನೀರು ಇಟ್ಟಂಗ. ಅಷ್ಟ."

ನಾನು ಏನೋ ಹೇಳಲು ಬಾಯಿ ತೆರೆದೆ. ಬಾಗಿಲಲ್ಲಿ ಅಮಸಿದ್ದಪ್ಪ ನಿಂತಿದ್ದ.

ಎರಡು ಸೊನ್ನೆಯ ಸುದ್ದಿ ಹಳ್ಳಿಗೆ ಮುಟ್ಟಿತ್ತು. ಇವನು ಸುಳ್ಳ ಎಂದು ಜನ ನಕ್ಕಿದ್ದರಂತೆ. ಈಗ ಅವನ ಕಣ್ಣಿಗೆ ಬಿದ್ದದ್ದು, ನನ್ನ ಕೈಯ ಮೇಲೆ ಬಾಗಿದ್ದ ಒಬ್ಬ ಗಂಡಸು.

"ಅಳತಿ ನಡದೈತೇನಲೇ?" ಅಂದ.

ಕಾಕಾ ಹಿಂದಿನಿಂದ ಬಂದು ಅವನ ಹೆಗಲು ಹಿಡಿದ. ಅಮಸಿದ್ದಪ್ಪ ಮೊಣಕೈಯಿಂದ ತಿವಿದ ರಭಸಕ್ಕೆ ಕಾಕಾ ಹೊಸ್ತಿಲ ಮೇಲೆ ಬಿದ್ದ. ಕಾಳಪ್ಪ ಎದ್ದು ನಿಲ್ಲುವುದರೊಳಗೆ ಅವನ ಕೂದಲು ಅಮಸಿದ್ದಪ್ಪನ ಮುಷ್ಟಿಯಲ್ಲಿತ್ತು. ಗೋಡೆಗೆ ಒರಗಿಸಿದ್ದ ಹಲಗೆಗೆ ಅವನ ಮುಖವನ್ನು ಬಡಿದ. ಒಮ್ಮೆ. ಕೊಳವೆ ಒಡೆಯಿತು. ಎರಡು ಸಲ. ಒಣಗಿದ ಕಟ್ಟಿಗೆ ಮುರಿದಂಥ ಸದ್ದು ಬಂತು. ಮೂರನೇ ಸಲಕ್ಕೆ ಬಿಳಿ ಹಲಗೆ ಬಿಳಿಯಾಗಿ ಉಳಿಯಲಿಲ್ಲ.

ನಾನು ಕೂಗಿದೆ. ಅವನು ಕಾಳಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದ. ಯಾವಾಗಲಿನಂತೆ ಎಡಗೈ ನನ್ನ ಬಾಯಿಗೆ ಬಂತು. ಬಲಗೈ ಮೇಲೆದ್ದಿತು.

ನಾನು ಬಾಯಿ ತೆರೆದೆ. ಹೆಬ್ಬೆಟ್ಟಿನ ಬುಡ ಒಳಗೆ ಬಂತು. ಕಚ್ಚಿದೆ.

ಮುರಿದ ಹಲ್ಲಿನ ಚೂಪು ಮೊದಲು ಇಳಿಯಿತು, ಅದರ ಹಿಂದೆ ಉಳಿದವು ಇಳಿದವು. ಎಲುಬು ತಾಗಿದರೂ ನಿಲ್ಲಿಸಲಿಲ್ಲ. ಅವನು ನನ್ನ ತಲೆಗೆ ಹೊಡೆದ, ಬೆನ್ನಿಗೆ ಒದ್ದ. ಪ್ರತಿ ಪೆಟ್ಟಿಗೂ ನನ್ನ ದವಡೆ ಇನ್ನಷ್ಟು ಬಿಗಿಯಾಯಿತು. ಹದಿನಾಲ್ಕು ತಿಂಗಳು ಮುಚ್ಚಿಸಿಕೊಂಡಿದ್ದ ಬಾಯಿ ಅದು. ಅವನ ಕೂಗು ಓಣಿಗೆ ಕೇಳಿತು. ಪಕ್ಕದ ಕೋಣೆಯಿಂದ ಡಾಕ್ಟರು ಇಕ್ಕಳ ಹಿಡಿದುಕೊಂಡೇ ಓಡಿಬಂದರು.

"ಬಿಡ ತಂಗಿ," ಅಂದರು. "ನಾಯಿ ಕಚ್ಚಿದ್ದಕ್ಕ ಸೂಜಿ ಐತಿ, ಇದಕ್ಕ ಇಲ್ಲ. ಬಿಡವಾ."

ಬಿಟ್ಟೆ. ಅವನ ರಕ್ತವನ್ನು ನೆಲಕ್ಕೆ ಉಗುಳಿದೆ.

ಡಾಕ್ಟರು ಮೂವರಿಗೂ ಮದ್ದು ಹಚ್ಚಿದರು. ಕಾಳಪ್ಪನ ಮೂಗಿನಲ್ಲಿ ಹತ್ತಿ ತುರುಕಿದರು. "ಎಲುಬು ಕೂಡತೈತಿ," ಅಂದರು. "ವಾಸನಿ ತಿರಗಿ ಬಂದ್ರ ಬಂತು, ಇಲ್ಲಾಂದ್ರ ಇಲ್ಲ."

ಪುಸ್ತಕದಲ್ಲಿ ಮೂರನೇ ಸೋಮವಾರದ ಸಾಲು ಖಾಲಿಯೇ ಉಳಿಯಿತು.

*

ಆರು ದಿನದ ಮೇಲೆ ಪಂಚರು ಮತ್ತೆ ಕೂತರು. ಮುಂಜಾನೆಯ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು. ಅಮಸಿದ್ದಪ್ಪನ ಎಡಗೈಗೆ ಬಟ್ಟೆ ಸುತ್ತಿತ್ತು. ಅವನ ತಾಯಿ ಪಕ್ಕದಲ್ಲಿದ್ದಳು. ಕಾಳಪ್ಪನನ್ನು ಡಾಕ್ಟರು ಚೀಟಿ ಕೊಟ್ಟು ಕಳಿಸಿದ್ದರು. ಮುಖ ಊದಿ ಕಣ್ಣು ಎರಡು ಗೆರೆಯಾಗಿದ್ದವು.

ಪೂಜಾರಿ ಅಜ್ಜ ಚೀಟಿ ಓದಿಸಿ ಕೇಳಿದ. "ಎರಡು ಸಲ ಸೊನ್ನಿ ಐತಿ. ಮೂರನೇದ್ದು ಬರದಿಲ್ಲ. ಬಾಯಿಲೆ ಹೇಳಬೇಕು, ತಮ್ಮಾ. ಭಂಡಾರ ಹಿಡದು ಹೇಳು."

ಕಾಳಪ್ಪನ ಅಂಗೈಗೆ ಹಳದಿ ಭಂಡಾರ ಹಾಕಿದರು. ನಮ್ಮವರು ಸತ್ತರೂ ಭಂಡಾರ ಹಿಡಿದು ಸುಳ್ಳು ಹೇಳುವುದಿಲ್ಲ. ಹೇಳಿದವನ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ.

ಅವನು ನನ್ನ ಕಡೆ ನೋಡಿದ. "ಮೊದಲ ಎರಡು ನಾ ತಪ್ಪ ಬರದೇನ್ರಿ," ಅಂದ. ಮೂಗು ಕಟ್ಟಿ ದನಿ ಬೇರೆಯಾಗಿತ್ತು. "ಮೂರನೇ ಸಲ..."

ಅವನ ತುಟಿ ಯಾವ ಅಂಕಿಗೆ ತೆರೆಯುತ್ತಿದೆ ಎಂದು ನನಗೆ ಕಂಡಿತು.

ಎದ್ದು ನಿಂತೆ. ಅಷ್ಟು ಗಂಡಸರ ನಡುವೆ ನಾನು ಎಂದೂ ಎದ್ದವಳಲ್ಲ.

"ಸೊನ್ನಿ," ಅಂದೆ. "ಮೂರೂ ಸಲ ಸೊನ್ನಿರಿ. ಇಂವ ನನ್ನ ಉಳಸಾಕ ಸುಳ್ಳು ಹೇಳಾಕತ್ತಾನ. ನನ್ನ ಬಾಯಿ ಸ್ವಚ್ಛ ಐತಿ."

ಕಾಕಾ ದೊಡ್ಡದಾಗಿ ಉಸಿರು ಬಿಟ್ಟ. ಕಾಳಪ್ಪ ಕಣ್ಣು ಮುಚ್ಚಿದ.

"ಹಂಗಾದ್ರ ತೀರ್ಮಾನ ಆತು," ಅಂದ ಅಜ್ಜ. "ಕಳಂಕ ಹೋತು. ಅಮಸಿದ್ದ, ಭಂಡಾರ ಹಿಡಿ. ಹೊಡಿಯೂದಿಲ್ಲ ಅಂತ ಆಣಿ ಮಾಡಿ ಕರಕೊಂಡ ಹೋಗು."

"ಹೋಗತೇನ್ರಿ ಅಜ್ಜಾ," ಅಂದೆ. "ಅಂವ ಆಣಿ ಮಾಡ್ಲಿ. ಮೊದಲ ನನ್ನ ಆಣಿ ಕೇಳ್ರಿ."

ಕಾಳಪ್ಪನ ಹತ್ತಿರ ಹೋದೆ. ಅವನ ಅಂಗೈಯೊಳಗಿನ ಭಂಡಾರವನ್ನು ನನ್ನ ಅಂಗೈಗೆ ಸುರಿದುಕೊಂಡೆ. ಅವನ ಬೆರಳು ಸುಡುತ್ತಿದ್ದವು, ಜ್ವರ ಇತ್ತು. ಗುಡಿಯ ಬಾಗಿಲಿಗೆ ಮುಖ ಮಾಡಿದೆ. ಸೆರಗನ್ನು ಬಾಯಿಂದ ತೆಗೆದೆ.

"ಬೀರಪ್ಪನ ಆಣಿ. ಅಂವ ಇನ್ನೊಮ್ಮಿ ನನ್ನ ಮ್ಯಾಲೆ ಕೈ ಎತ್ತಿದ್ರ, ಎತ್ತಿದ ಹೊತ್ತಿನಾಗ ನಾ ಸುಮ್ನಿರ್ತೇನಿ. ಆಮ್ಯಾಲ ಅಂವ ಮಲಗತಾನಲ್ಲ, ಆಗ ಗಂಟಲ ಕಚ್ಚತೇನಿ. ಹೆಬ್ಬೆಟ್ಟಲ್ಲ, ಗಂಟಲ. ಡಾಕ್ಟರ್ ಬಂದು ಬಿಡು ಅಂದ್ರೂ ಬಿಡೂದಿಲ್ಲ."

ಕಟ್ಟೆಯ ಕೆಳಗೆ ಕಟ್ಟಿದ್ದ ಟಗರು ಹುಲ್ಲು ಅಗಿಯುತ್ತಿತ್ತು. ಭಂಡಾರ ಹಿಡಿದು ಮಾಡಿದ ಆಣೆ. ಹೆಂಗಸಿನ ಮಾತು ಎಂದು ತಳ್ಳಿಹಾಕುವಂತಿರಲಿಲ್ಲ. ತಳ್ಳಿಹಾಕಿದರೆ ಅಮಸಿದ್ದಪ್ಪ ಮಾಡುವ ಆಣೆಗೂ ಬೆಲೆ ಇರುತ್ತಿರಲಿಲ್ಲ.

"ಹೊಡಿಯೂದಿಲ್ಲ ಅಂತ ನೀ ಆಣಿ ಮಾಡಿದ್ರ ನಿನಗೇನ ಹೆದರಿಕಿ?" ಎಂದು ಅಜ್ಜ ಅವನನ್ನು ಕೇಳಿದ. "ಹಿಡಿ ಭಂಡಾರ."

ಅಮಸಿದ್ದಪ್ಪ ಕೈ ಮುಂದೆ ಚಾಚಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತ. ತನ್ನನ್ನು ತಾನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ.

ಮೊದಲು ಬಾಯಿಬಿಟ್ಟವಳು ಅವನ ತಾಯಿ. "ಬ್ಯಾಡ್ರಿ ಯಪ್ಪಾ. ಬರದ ಕೊಡ್ರಿ ಅಕಿಗೆ. ನನಗಿರಾಂವ ಒಬ್ಬನ ಮಗ."

ಅಲ್ಲೇ ಸೋಡಚೀಟಿ ಬರೆದರು. ಗಂಡಸು ಒತ್ತಬೇಕಾದದ್ದು ಎಡಗೈ ಹೆಬ್ಬೆಟ್ಟು. ಸುತ್ತಿದ ಬಟ್ಟೆ ಬಿಚ್ಚಿದಾಗ ಕಾಕಾ ಮುಖ ತಿರುಗಿಸಿದ. ಅಮಸಿದ್ದಪ್ಪ ಹಲ್ಲು ಕಚ್ಚಿ ಒತ್ತಿದ, ಆದರೂ ಕೂಗು ಬಂತು. ಕಾಗದದ ಮೇಲೆ ಮಸಿಯ ಜೊತೆ ಕೀವೂ ಇಳಿಯಿತು. ನಾನು ಅದನ್ನು ಬಿಸಿಲಿಗೆ ಹಿಡಿದು ಒಣಗಿಸಿಕೊಂಡೆ.

*

ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಕಾಳಪ್ಪನ ಮೂಗಿನಿಂದ ಮತ್ತೆ ರಕ್ತ ಬಂತು. ಒಬ್ಬನನ್ನೇ ಕಳಿಸಲು ಕಾಕಾನಿಗೆ ಮನಸ್ಸಾಗಲಿಲ್ಲ. ಇಳಕಲ್ಲಿನ ಬಸ್ಸು ಬಿಟ್ಟು ಮೂವರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ಕಾಕಾ ಮುಂದಿನ ಸೀಟಿನಲ್ಲಿ ಕೂತ. ನಾನು, ನಡುವೆ ಒಂದು ಚೀಲ, ಆಚೆ ಕಾಳಪ್ಪ.

ಅಮೀನಗಡದಲ್ಲಿ ಬಸ್ಸು ನಿಂತಿತು. ಕಾಕಾ ಚಹಾ ಕುಡಿಯುತ್ತೇನೆಂದು ಇಳಿದವನು, ಅಂಗಡಿಯ ಮುಂದೆ ನಮ್ಮ ಕಡೆ ಬೆನ್ನು ಮಾಡಿ ನಿಂತ. ಚಹಾ ಬಂದರೂ ತಿರುಗಲಿಲ್ಲ.

"ನಾ ಐದು ಅನ್ನಾಂವ ಇದ್ದೆ," ಅಂದ ಕಾಳಪ್ಪ.

"ಗೊತ್ತಿತ್ತು."

"ಮತ್ತ್ಯಾಕ ತಡದಿ?" ಮೊದಲ ಸಲ ನೀ ಅಂದಿದ್ದ.

"ನನ್ನ ಸಲುವಾಗಿ ಮೂಗು ಹೋತು. ಮಾತಾದ್ರೂ ಉಳೀಲಿ ಅಂತ."

ಅವನು ಕಿಟಕಿಯ ಕಡೆ ತಿರುಗಿದ. ಎದುರಿಗೇ ಕರದಂಟಿನ ಅಂಗಡಿ. ದೊಡ್ಡ ಕಡಾಯಿಯಲ್ಲಿ ಏನೋ ಕಾಯುತ್ತಿತ್ತು. ಅವನ ಹೊಳ್ಳೆಗಳು ಹತ್ತಿಯ ಕೆಳಗೆ ಅಲುಗಿದವು, ನಿಂತವು.

"ಏನ್ ವಾಸನಿ ಬರಾಕತ್ತೈತಿ ಅಲ್ಲಿಂದ?" ಎಂದು ಕೇಳಿದ. ಸುಮ್ಮನೆ ಕೇಳಿದಂತೆ ಕೇಳಿದ. ಆದರೆ ಚೀಲದ ಮೇಲಿನ ಕೈ ಮುಷ್ಟಿಯಾಗಿತ್ತು.

ನನಗೆ ಹೆಚ್ಚು ಮಾತು ಬರುವುದಿಲ್ಲ. ಆದರೂ ಹೇಳತೊಡಗಿದೆ. "ಮೊದಲ ಬೆಲ್ಲ. ಕರಗೈತಿ, ತಳ ಹತ್ತೂ ಹಂಗೈತಿ, ಇನ್ನೂ ಹತ್ತಿಲ್ಲ. ಅದರ ಹಿಂದ ತುಪ್ಪ. ತುಪ್ಪದಾಗ ಅಂಟು ಹಾಕ್ಯಾರ, ಅರಳಾಕತ್ತೈತಿ. ಒಣ ಕೊಬ್ಬರಿ ಹುರದು ಬಾಜೂಕ ಇಟ್ಟಾರ. ಯಾಲಕ್ಕಿ ಈಗ ಕುಟ್ಟಾಕತ್ತಾರ."

"ಯಾಲಕ್ಕಿನೂ ಬಂತಾ ನಿನಗ ಇಷ್ಟು ದೂರ?"

"ಬಂತು."

"ಡಾಕ್ಟರಿಗೆ ಹೊಸ ಮೂಗ ಬೇಕಾಗೈತಿ," ಅಂದ. "ನಾ ಹೆಂಗ ಅಳಿಯೂದು ಕಲಸತೇನಿ. ಸೋಮವಾರ ಉಳ್ಳಾಗಡ್ಡಿ ಮಾತ್ರ ಬಿಡಬೇಕು."

"ಅದಕ್ಕ ಕರಿಯಾಕತ್ತಿಯೇನ ನನ್ನ? ಕೆಲಸಕ್ಕ?"

"ಅಲ್ಲ." ಅವನ ಊದಿದ ಮುಖದ ಮೇಲೆ ಮತ್ತೆ ಕೆಂಪೇರಿತು. "ಉಡಿಕಿ ಆಗ್ತೀಯೇನು ನನಗ?"

ಉಡಿಕೆ ಎಂದರೆ ನಮ್ಮಲ್ಲಿ ಸೋಡಚೀಟಿ ಆದ ಹೆಣ್ಣಿಗೆ ಎರಡನೇ ಮದುವೆ. ಕಾಕಾನ ಬೆನ್ನು ಅಲ್ಲಾಡಲಿಲ್ಲ. ನಾನು ಬಹಳ ಹೊತ್ತು ಕಾಳಪ್ಪನ ಕೈಗಳನ್ನು ನೋಡಿದೆ. ಎರಡನ್ನೂ ನೋಡಿದೆ.

"ಹೊಡಿತೀಯೇನು?" ಎಂದು ಕೇಳಿದೆ.

"ಇಲ್ಲ."

"ಎಲ್ಲಾರೂ ಹಂಗ ಅಂತಾರ."

"ಖರೆ," ಅಂದ. ಸ್ವಲ್ಪ ಯೋಚಿಸಿದ. "ನಿನ್ನ ಮುರದ ಹಲ್ಲು ತಿಕ್ಕಿ ನುಣುಪು ಮಾಡ್ತೇನಿ ಅಂತ ಡಾಕ್ಟರ್ ಅಂತಿದ್ರು. ಮಾಡಿಸಬ್ಯಾಡ. ಹಂಗ ಇರ್ಲಿ."

ನಗು ಬಂತು. ತುಟಿ ಉರಿಯಿತು. ಸೆರಗು ಮೇಲೆತ್ತಲು ಹೋದ ಕೈಯನ್ನು ಅರ್ಧಕ್ಕೇ ಇಳಿಸಿ, ಅವನ ಮುಖದ ಹತ್ತಿರವೇ ನಕ್ಕೆ. ನನ್ನ ಉಸಿರು ತಾಗಿ ಅವನ ರೆಪ್ಪೆ ಅಲುಗಿದವು. ಅವನಿಗೆ ಏನೂ ವಾಸನೆ ಬರಲಿಲ್ಲ. ಆದರೂ ಹಿಂದೆ ಸರಿಯಲಿಲ್ಲ.

ಕಾಕಾ ಬಂದು ಕೂತ. ಮೂರು ಕರದಂಟು ತಂದಿದ್ದ. ಎರಡನ್ನು ತಿರುಗಿ ನೋಡದೆ ಹೆಗಲ ಮೇಲಿಂದ ಹಿಂದಕ್ಕೆ ಚಾಚಿದ. ಬಸ್ಸು ಹೊರಟಿತು.

"ಈಗ ಏನ್ ವಾಸನಿ?" ಕಾಳಪ್ಪ ಕೇಳಿದ.

"ಡೀಸೆಲ್. ಕಾಕಾನ ಬೀಡಿ. ನಿನ್ನ ಹತ್ತಿಯಾಗಿನ ಔಷಧ."

"ಮತ್ತ?"

ಚೀಲವನ್ನು ನಡುವಿನಿಂದ ತೆಗೆದು ಕಾಲ ಕೆಳಗೆ ಇಟ್ಟೆ.

"ಉಳದದ್ದು ನಾಳಿ ಹೇಳ್ತೇನಿ," ಅಂದೆ.